ಹಳೇ ಕೌಂಟರ್-ಸ್ಟ್ರೈಕೋ, ಹೊಸದೋ? 20 ವರ್ಷದ ಜಗಳದ ಹಿನ್ನೆಲೆ

ಪೊಲೀಸರು ಮತ್ತು ಉಗ್ರರು ಅಂತ ಎರಡು ತಂಡವಾಗಿ ಗುಂಡಿನ ಕಾಳಗ ಆಡುವ ಕಂಪ್ಯೂಟರ್ ಆಟ ಕೌಂಟರ್-ಸ್ಟ್ರೈಕ್. ಅದನ್ನು ಆಡುವ ನಾಲ್ಕು ಜನ ಸೇರಿದರೆ ಒಂದು ಮಾತು ಬಂದೇ ಬರುತ್ತದೆ: ಹಳೆಯದೇ ಚೆನ್ನಾಗಿತ್ತು. ಯಾವ ಹಳೆಯದು ಅನ್ನೋದು ಅವರವರ ವಯಸ್ಸಿನ ಮೇಲಿದೆ. ಬೆಂಗಳೂರಿನ ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಲ್ಯಾನ್‌ನಲ್ಲಿ, ಅಂದರೆ ಒಂದಕ್ಕೊಂದು ಜೋಡಿಸಿದ ಕಂಪ್ಯೂಟರ್‌ಗಳಲ್ಲಿ ಆಡಿದವರಿಗೆ ಅದು 1.6 ಎಂಬ ಆವೃತ್ತಿ. ಆಮೇಲೆ ಬಂದವರಿಗೆ ಗ್ಲೋಬಲ್ ಅಫೆನ್ಸಿವ್, ಅಂದರೆ ಸಿಎಸ್‌ಗೋ. 2023ರ ಸೆಪ್ಟೆಂಬರ್‌ನಲ್ಲಿ ಕೌಂಟರ್-ಸ್ಟ್ರೈಕ್ 2 ಬಂದಾಗ ಜಗಳ ಇನ್ನೂ ಜೋರಾಯಿತು. ಅದಕ್ಕೊಂದು ಕಾರಣವಿದೆ.

ಆಟ ಶುರುವಾಗಿದ್ದು 1999ರಲ್ಲಿ, ಹಾಫ್-ಲೈಫ್ ಆಟಕ್ಕೆ ಮಿನ್ ಲೀ ಮತ್ತು ಜೆಸ್ ಕ್ಲಿಫ್ ಸೇರಿ ಮಾಡಿದ ಒಂದು ಮಾಡ್ ಆಗಿ, ಅಂದರೆ ಇದ್ದ ಆಟವನ್ನೇ ಬದಲಿಸಿ ಮಾಡಿದ ಹೊಸ ಆಟವಾಗಿ. ಹಾಫ್-ಲೈಫ್ ಮಾಡಿದ ವಾಲ್ವ್ ಕಂಪನಿ ಇಬ್ಬರನ್ನೂ ಸೇರಿಸಿಕೊಂಡು 2000ದಲ್ಲಿ ಅದನ್ನು ಮಾರಾಟಕ್ಕೆ ಬಿಟ್ಟಿತು. 1.6 ಬಂದದ್ದು 2003ರಲ್ಲಿ. ಇವತ್ತು ಜನ ತಲೆ ಮೇಲೆ ಹೊತ್ತು ಮೆರೆಸುವ ಈ 1.6 ಅನ್ನು ಅವತ್ತು ತುಂಬಾ ಜನ ಬೈದಿದ್ದರು. ಅದನ್ನು ಆಡಲು ಆಗಷ್ಟೇ ಬಂದಿದ್ದ, ಆಟಗಳನ್ನು ಆನ್‌ಲೈನ್‌ನಲ್ಲಿ ಕೊಡುವ ವಾಲ್ವ್‌ನ ಸ್ಟೀಮ್ ಬೇಕಿತ್ತು, ಆಗಿನ ಸ್ಟೀಮ್ ಮಾತುಮಾತಿಗೆ ಕೈಕೊಡುತ್ತಿತ್ತು. ಜೊತೆಗೆ ಪೊಲೀಸ್ ಪಡೆಗೆ ಹೊಸದಾಗಿ ಗುರಾಣಿ ಕೊಟ್ಟಿದ್ದರು. ಅದನ್ನು ಮುಂದೆ ಹಿಡಿದು ಕಿರಿದಾದ ಜಾಗದಲ್ಲಿ ಕೂತರೆ ಎದುರಿನವರ ಗುಂಡು ತಾಗುವುದೇ ಕಷ್ಟ. ಟೂರ್ನಮೆಂಟ್‌ಗಳಲ್ಲಿ ಗುರಾಣಿ ಬಳಸಬಾರದು ಎಂದೇ ನಿಯಮ ಬಂತು. ಹಿಂದಿನ ಆವೃತ್ತಿಯಾದ 1.5 ಬಿಡಲು ಒಪ್ಪದವರು ವಾನ್ ಎಂಬ ಹಳೆಯ ಜಾಲದಲ್ಲೇ ಆಡುತ್ತಿದ್ದರು. 2004ರಲ್ಲಿ ಆ ಜಾಲ ಮುಚ್ಚಿದ ಮೇಲೆ ಅವರೂ ಬರಬೇಕಾಯಿತು.

ಅದೇ ವರ್ಷ ಕೌಂಟರ್-ಸ್ಟ್ರೈಕ್: ಸೋರ್ಸ್ ಬಂತು. ನೋಡೋಕೆ ಎಷ್ಟೋ ಚಂದ. ಗುಂಡು ಬಿದ್ದರೆ ಡ್ರಮ್ಮು, ಡಬ್ಬಗಳು ಅಲುಗಾಡುತ್ತಿದ್ದವು, ಉರುಳುತ್ತಿದ್ದವು. 1.6ರವರಿಗೆ ಅದೇ ತಕರಾರು. ಗುರಿ ಇಡುವಾಗ ಅಡ್ಡ ಬರುವ ಡಬ್ಬ ಯಾರಿಗೆ ಬೇಕು? ಗುಂಡು ಹಾರಿಸಿದಾಗ ಕೈಗೆ ಸಿಗುವ ಆ ಹಿಡಿತವೇ ಇಲ್ಲ ಅಂದರು. ಆಟಗಾರರು ಎರಡು ಬಣವಾದರು. ಅಮೆರಿಕದ ಚಾಂಪಿಯನ್‌ಶಿಪ್ ಗೇಮಿಂಗ್ ಸೀರೀಸ್ ಎಂಬ ಲೀಗ್ 2007ರಲ್ಲಿ ಸೋರ್ಸ್ ಆರಿಸಿಕೊಂಡು ಆಟಗಾರರಿಗೆ ಸಂಬಳ ಕೊಟ್ಟಿತು, ಮರುವರ್ಷವೇ ಬಾಗಿಲು ಹಾಕಿತು. ವರ್ಲ್ಡ್ ಸೈಬರ್ ಗೇಮ್ಸ್ ಎಂಬ ಟೂರ್ನಿ 2005ರಲ್ಲಿ ಸೋರ್ಸ್ ಆಡಿಸಿ ಮರುವರ್ಷವೇ 1.6ಕ್ಕೆ ಮರಳಿತು. ಸುಮಾರು ಎಂಟು ವರ್ಷ ಎರಡೂ ಆಟ ಅಕ್ಕಪಕ್ಕದಲ್ಲೇ ನಡೆದವು.

ಇದೇ ಮುಖ್ಯವಾದ ವಿಷಯ ಅಂತ ನನಗನ್ನಿಸುತ್ತದೆ. ಸೋರ್ಸ್ ಇಷ್ಟವಾಗದವನು ಸುಮ್ನೆ 1.6 ತೆರೆದು ಕೂರಬಹುದಿತ್ತು. ಯಾವುದು ಮೇಲು ಅನ್ನೋದನ್ನು ಆಡುವವರೇ ಆಡಿ ತೀರ್ಮಾನಿಸುತ್ತಿದ್ದರು.

2012ರ ಆಗಸ್ಟ್‌ನಲ್ಲಿ ಬಂದ ಸಿಎಸ್‌ಗೋ ಕೂಡ ಹೀಗೇ ಪರೀಕ್ಷೆಗೆ ಕೂತಿತು. ಅದರ ಮೂಲ, ಹಿಡನ್ ಪಾತ್ ಎಂಬ ಸ್ಟುಡಿಯೋ ಸೋರ್ಸ್ ಆಟವನ್ನು ಟಿವಿಗೆ ಜೋಡಿಸಿ ಆಡುವ ಎಕ್ಸ್‌ಬಾಕ್ಸ್ ಯಂತ್ರಕ್ಕೆ ತರಲು ಹೊರಟ ಕೆಲಸ. ಮೊದಮೊದಲು ಹಳಬರು ಅತ್ತ ತಿರುಗಿಯೂ ನೋಡಲಿಲ್ಲ. ಒಂದೊಂದೇ ಅಪ್‌ಡೇಟ್‌ನಲ್ಲಿ ಆಟ ಸುಧಾರಿಸಿತು. 2013ರಲ್ಲಿ ಬಂದೂಕಿನ ಸ್ಕಿನ್‌ಗಳು, ಅಂದರೆ ಬಂದೂಕಿಗೆ ಹಾಕುವ ಬಣ್ಣ-ಚಿತ್ರಗಳು ಬಂದವು. ಆ ವರ್ಷದ ಕೊನೆಗೆ ಸ್ವೀಡನ್‌ನಲ್ಲಿ 2,50,000 ಡಾಲರ್ ಬಹುಮಾನದ ಮೊದಲ ಮೇಜರ್, ಅಂದರೆ ಈ ಆಟದ ಅತಿ ದೊಡ್ಡ ಮಟ್ಟದ ಟೂರ್ನಿ ನಡೆಯಿತು. ಎರಡು ಬಣಗಳೂ ಒಂದಾದವು. ಯಾರೂ ಅವರನ್ನು ಎಳೆದು ತರಲಿಲ್ಲ.

ಕೌಂಟರ್-ಸ್ಟ್ರೈಕ್ 2ರ ಕಥೆ ಬೇರೆ. ಅದರಲ್ಲಿ ನಿಜಕ್ಕೂ ಒಳ್ಳೆಯದಿದೆ. ಸ್ಮೋಕ್ ಗ್ರೆನೇಡನ್ನೇ ನೋಡಿ. ಮೊದಲು ಅದರ ಹೊಗೆ ಒಂದೇ ಆಕಾರದ ಗುಡ್ಡೆ. ಈಗ ಅದು ಬಾಗಿಲಲ್ಲಿ ನುಗ್ಗುತ್ತದೆ, ಮೂಲೆಗೆ ಹರಡುತ್ತದೆ. ಹೊಗೆಯೊಳಗೆ ಬಾಂಬ್ ಗ್ರೆನೇಡ್ ಎಸೆದರೆ ಒಂದು ಕ್ಷಣ ದೊಡ್ಡ ಕಿಂಡಿ ತೆರೆದುಕೊಂಡು ಅತ್ತ ಕಡೆ ಕಾಣುತ್ತದೆ. ಇಷ್ಟು ವರ್ಷದಲ್ಲಿ ಈ ಆಟಕ್ಕೆ ಬಂದ ಅತ್ಯುತ್ತಮ ಬದಲಾವಣೆ ಇದು, ನನ್ನ ಲೆಕ್ಕದಲ್ಲಿ.

ಸಬ್-ಟಿಕ್ ಎಂಬ ಹೊಸ ಲೆಕ್ಕದ ಕ್ರಮದ ವಿಷಯದಲ್ಲಿ ಅಷ್ಟು ಒಮ್ಮತವಿಲ್ಲ. ಸಿಎಸ್‌ಗೋದಲ್ಲಿ ವಾಲ್ವ್ ಸರ್ವರ್ ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಾಗಿತು ಅಂತ ಸೆಕೆಂಡಿಗೆ 64 ಸಲ ಲೆಕ್ಕ ಹಾಕುತ್ತಿತ್ತು, ಫೇಸ್‌ಇಟ್‌ನಂಥ ಹೊರಗಿನ ಸರ್ವರ್‌ಗಳು 128 ಸಲ. ಹೊಸ ಆಟದಲ್ಲಿ ಎಲ್ಲರಿಗೂ 64, ಆದರೆ ಎರಡು ಲೆಕ್ಕಗಳ ನಡುವೆ ನೀವು ಯಾವ ಕ್ಷಣದಲ್ಲಿ ಗುಂಡು ಹಾರಿಸಿದಿರಿ ಅನ್ನೋದೂ ದಾಖಲಾಗುತ್ತದೆ. ಕಾಗದದ ಮೇಲೆ ಚೆನ್ನಾಗಿದೆ. ಆಡುವಾಗ ಗೋಡೆ ಹಿಂದೆ ಸೇರಿಕೊಂಡ ಮೇಲೂ ಸತ್ತೆ ಅಂತ ಕೂಗಿದವರು ಬಹಳ.

ಇಂಥ ದೂರು ಪ್ರತಿ ಸಲ ಇದ್ದದ್ದೇ, ಅಲ್ವಾ? ಆದರೆ ಈ ಸಲ ವಾಲ್ವ್ ಹೊಸ ಆಟವನ್ನು ಹಳೆಯದರ ಪಕ್ಕದಲ್ಲಿ ಇಡಲಿಲ್ಲ, ಅದರ ಜಾಗದಲ್ಲೇ ಇಟ್ಟಿತು. ಸಿಎಸ್‌ಗೋ ಇದ್ದ ಸ್ಟೀಮ್ ಪುಟ, ಅದಕ್ಕೆ ಜನ ಬರೆದ ವಿಮರ್ಶೆಗಳು, ಎಲ್ಲವೂ ಹೊಸ ಆಟದ ಪಾಲಾದವು. ಸಿಎಸ್‌ಗೋದಲ್ಲಿದ್ದ ಡೇಂಜರ್ ಝೋನ್ ಎಂಬ ಆಟದ ಬಗೆ ಹೋಯಿತು. ಮ್ಯಾಕ್‌ನಲ್ಲಿ ಆಡುತ್ತಿದ್ದವರಿಗೆ ಆಟವೇ ಇಲ್ಲವಾಯಿತು. ಆರ್ಮ್ಸ್ ರೇಸ್ ಎಂಬ ಇನ್ನೊಂದು ಬಗೆ ವಾಪಸ್ ಬರಲು 2024 ಆಗಬೇಕಾಯಿತು. ಹನ್ನೊಂದು ವರ್ಷ ತಿದ್ದಿ ತೀಡಿದ ಆಟವನ್ನು ತೆಗೆದು ಅವಸರದಲ್ಲಿ ಬಂದದ್ದನ್ನು ಕೊಟ್ಟರೆ ಜನ ಕೇಳದೆ ಇರುತ್ತಾರಾ?

ಹೊಸ ಆಟ ಆಮೇಲೆ ಸಾಕಷ್ಟು ಸುಧಾರಿಸಿದೆ. ಇನ್ನೂ ಸುಧಾರಿಸಬಹುದು. ಆದರೆ ಹೋಲಿಸಿ ನೋಡಬೇಕು ಅಂದರೆ, 1.6 ಮತ್ತು ಸೋರ್ಸ್ ಎರಡೂ ಸ್ಟೀಮ್‌ನಲ್ಲಿ ಈಗಲೂ ಬೇರೆ ಬೇರೆಯಾಗಿ ಮಾರಾಟಕ್ಕಿವೆ. ಸಿಎಸ್‌ಗೋ ಮಾತ್ರ 2023ರಲ್ಲಿ ಹೊಸ ಆಟದ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಆರಿಸಬೇಕಾದ ಒಂದು ಬೀಟಾ ಆಯ್ಕೆಯಾಗಿ ಉಳಿಯಿತು. 2024ರ ಜನವರಿ 1ರಿಂದ ಅದಕ್ಕೆ ವಾಲ್ವ್‌ನ ಬೆಂಬಲವಿಲ್ಲ.