ಲಿನ್ಯ ಕ್ಲೇರ್ ಅಂದರೇನು?

ಟಿನ್‌ಟಿನ್ ಎಂಬ ಹುಡುಗ ಪತ್ರಕರ್ತನ ಸಾಹಸಗಳ ಕಾಮಿಕ್ಸ್ ಪುಸ್ತಕದ ಯಾವುದಾದರೂ ಪುಟ ತೆರೆದು ಬರೀ ಗೆರೆಗಳನ್ನು ನೋಡಿ. ಟಿನ್‌ಟಿನ್ ಮೂಗು, ಹಿಂದಿರುವ ಕಿಟಕಿ, ದೂರದ ಬೆಟ್ಟ, ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ದಪ್ಪದ ಕಪ್ಪು ಗೆರೆ. ನೆರಳಿಗೆಂದು ಒತ್ತೊತ್ತಾಗಿ ಗೀಚಿದ್ದು ಕಾಣುವುದಿಲ್ಲ. ಟಿನ್‌ಟಿನ್‌ನ ಗೆಳೆಯ ಕ್ಯಾಪ್ಟನ್ ಹ್ಯಾಡಕ್ ತೊಟ್ಟ ಸ್ವೆಟರ್ ಪೂರ್ತಿ ಒಂದೇ ನೀಲಿ. ಈ ಶೈಲಿಗೆ ಫ್ರೆಂಚ್‌ನಲ್ಲಿ ಲಿನ್ಯ ಕ್ಲೇರ್ ಅನ್ನುತ್ತಾರೆ, ಅಂದರೆ ಸ್ಪಷ್ಟವಾದ ಗೆರೆ.

ಇದನ್ನು ಬೆಳೆಸಿದವರು ಟಿನ್‌ಟಿನ್ ಅನ್ನು ಸೃಷ್ಟಿಸಿದ ಬೆಲ್ಜಿಯಂನ ಕಲಾವಿದ ಎರ್ಜೆ. ಟಿನ್‌ಟಿನ್ ಮೊದಲು ಅಚ್ಚಾದದ್ದು 1929ರ ಜನವರಿಯಲ್ಲಿ, ಬ್ರಸೆಲ್ಸ್‌ನ ಪತ್ರಿಕೆಯೊಂದರ ಮಕ್ಕಳ ಪುರವಣಿಯಲ್ಲಿ. ಶೈಲಿಗೆ ಹೆಸರು ಸಿಕ್ಕಿದ್ದು ಮಾತ್ರ 1977ರಲ್ಲಿ. ರಾಟರ್‌ಡ್ಯಾಮ್‌ನ ಒಂದು ಪ್ರದರ್ಶನದ ಸಂದರ್ಭದಲ್ಲಿ ಡಚ್ ಕಲಾವಿದ ಯೋಸ್ಟ್ ಸ್ವಾರ್ಟೆ ಹಾಗೆ ಕರೆದರು.

ನೋಡಿದರೆ ತುಂಬಾ ಸುಲಭ ಅನ್ನಿಸುತ್ತೆ, ಅಲ್ವಾ? ಎರ್ಜೆಯವರ ಪೆನ್ಸಿಲ್ ಹಾಳೆಗಳನ್ನು ನೋಡಿದರೆ ಆ ಭಾವನೆ ಹೋಗಿಬಿಡುತ್ತೆ. ಒಂದು ಕೈಯನ್ನೇ ಮತ್ತೆ ಮತ್ತೆ ತಿದ್ದಿ ತೀಡಿರುತ್ತಾರೆ. ಆ ಗೆರೆಗಳ ರಾಶಿಯಿಂದ ಸರಿಯಾದ ಒಂದನ್ನು ಆರಿಸಿ, ಬೇರೆ ಹಾಳೆಗೆ ಇಳಿಸಿಕೊಂಡು, ಆಮೇಲೆ ಇಂಕು. ಈ ಶೈಲಿಯಲ್ಲಿ ಗೊತ್ತಿಲ್ಲದ್ದನ್ನು ಕತ್ತಲಲ್ಲಿ ಮುಚ್ಚಿಡೋಕೆ ಆಗಲ್ಲ. ಕುರ್ಚಿಯ ಕಾಲು ಎಲ್ಲಿ ಸೇರುತ್ತದೆ, ಕೋಟಿನ ಮಡಿಕೆ ಎಲ್ಲಿ ಬೀಳುತ್ತದೆ, ಎಲ್ಲ ತಿಳಿದಿರಲೇಬೇಕು.

ಟಿನ್‌ಟಿನ್ ಟಿಬೆಟ್‌ಗೆ ಹೋಗುವ ಕಥೆಯಲ್ಲಿ ದೆಹಲಿ ಬರುತ್ತದೆ. ಕುತುಬ್ ಮಿನಾರ್ ಇದೆ, ಕೆಂಪು ಕೋಟೆ ಇದೆ. ಬೀದಿಯಲ್ಲಿ ಮಲಗಿದ ಹಸುವನ್ನು ಹ್ಯಾಡಕ್ ದಾಟಲು ಹೋಗುತ್ತಾನೆ, ಅದು ಎದ್ದು ಅವನನ್ನು ಹೊತ್ತುಕೊಂಡೇ ಓಡುತ್ತದೆ. ಮಿನಾರ್ ಕಂಡದ್ದು ಕಂಡಂತೆ, ಹ್ಯಾಡಕ್‌ನ ಮುಖ ಪಕ್ಕಾ ಕಾರ್ಟೂನು. ಆದರೂ ಇಬ್ಬರೂ ಒಂದೇ ಊರಿನವರ ಹಾಗೆ ಹೊಂದಿಕೊಳ್ಳುವುದು ಆ ಒಂದೇ ದಪ್ಪದ ಗೆರೆಯಿಂದ.

ಅಮೆರಿಕದ ಜ್ಯಾಕ್ ಕರ್ಬಿ ಬಿಡಿಸಿದ ಸೂಪರ್‌ಹೀರೋ ಪುಟವನ್ನು ಪಕ್ಕದಲ್ಲಿಡಿ. ದಪ್ಪ ಕಪ್ಪು ನೆರಳು, ಮುಂದಕ್ಕೆ ಚಾಚಿದ ಭಾರೀ ಮುಷ್ಟಿ. ಅಲ್ಲಿ ಪುಟದ ಬಲವೇ ಮುಖ್ಯ. ಒಂದರ ಅಳತೆಯಿಂದ ಇನ್ನೊಂದನ್ನು ತೂಗಿದರೆ ಇಬ್ಬರಿಗೂ ಅನ್ಯಾಯ. ಹಾಗಂತ ಎರಡು ಲೋಕಗಳ ನಡುವೆ ಗೋಡೆ ಇರಲಿಲ್ಲ. ಎರ್ಜೆ ಸ್ವತಃ ಅಮೆರಿಕದ ಜಾರ್ಜ್ ಮೆಕ್‌ಮಾನಸ್ ಚಿತ್ರಗಳನ್ನು ಮೆಚ್ಚಿ ಕಲಿತವರು.

ಗೆರೆ ಚೆನ್ನಾಗಿದ್ದ ಮಾತ್ರಕ್ಕೆ ಎಲ್ಲವನ್ನೂ ಒಪ್ಪಬೇಕಿಲ್ಲ. ಶುರುವಿನ ಕಾಂಗೋ ಕಥೆಯಲ್ಲಿ ಆಫ್ರಿಕಾದ ಜನರನ್ನು ಬಿಡಿಸಿದ ರೀತಿ ನೋಡಿದರೆ ಬೇಜಾರಾಗುತ್ತೆ. ಆ ನಾಡನ್ನು ಎರ್ಜೆ ಕಂಡಿರಲೇ ಇಲ್ಲ, ತಮ್ಮ ಸುತ್ತಲಿನವರ ಪೂರ್ವಗ್ರಹಗಳನ್ನೇ ಚಿತ್ರವಾಗಿಸಿದರು. 1934ರಲ್ಲಿ ಬ್ರಸೆಲ್ಸ್‌ನಲ್ಲಿ ಓದುತ್ತಿದ್ದ ಚೀನಾದ ಜಾಂಗ್ ಚೊಂಗ್‌ರೆನ್ ಪರಿಚಯವಾದ ಮೇಲೆ ಅವರ ಕೆಲಸವೇ ಬದಲಾಯಿತು. ಶಾಂಘೈ ಕಥೆಯಲ್ಲಿ ಬೀದಿಯ ಫಲಕಗಳ ಚೀನೀ ಅಕ್ಷರಗಳು ಸುಮ್ನೆ ಗೀಚಿದ್ದಲ್ಲ, ಜಾಂಗ್ ಬರೆದುಕೊಟ್ಟದ್ದು. ಭಾಷೆ ಬಲ್ಲವರು ಅಲ್ಲಿ ಸಾಮ್ರಾಜ್ಯಶಾಹಿಗೆ ಧಿಕ್ಕಾರ ಎಂಬ ಘೋಷಣೆಯನ್ನೂ ಓದಬಹುದು. ಲಿನ್ಯ ಕ್ಲೇರ್ ಏನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೈಗೆ ಕೊಡುವುದು ಈ ಶಾಂಘೈ ಪುಟಗಳನ್ನೇ.