ಖಾತೆಗೆ ಬಂದದ್ದೆಲ್ಲ ವ್ಯಾಪಾರವಲ್ಲ

2025ರ ಜುಲೈ. ಬೆಳಗ್ಗೆ ಆಫೀಸಿನ ಬೀಗ ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಮೂವರು ಕೂತಿದ್ದರು. ಒಬ್ಬರು ಕಾಂಡಿಮೆಂಟ್ಸ್ ಅಂಗಡಿಯವರು, ಹಾಸನದ ಕಡೆಯಿಂದ ಬಂದು ಬೆಂಗಳೂರಲ್ಲಿ ಹದಿನೈದು ವರ್ಷದಿಂದ ಅಂಗಡಿ ಇಟ್ಟವರು. ಇನ್ನೊಬ್ಬರು ಹಣ್ಣಿನ ವ್ಯಾಪಾರಿ. ಮೂರನೆಯವರಿಗೆ ಜಿಎಸ್‌ಟಿ ನೋಟಿಸೇ ಬಂದಿರಲಿಲ್ಲ. ಬಂದರೆ ಏನು ಗತಿ ಎಂದು ಕೇಳಲು ಬಂದಿದ್ದರು. ಆ ತಿಂಗಳು ನಾನು ಮಾಡಿದ್ದು ಅರ್ಧ ತೆರಿಗೆ ಕೆಲಸ, ಅರ್ಧ ಸಮಾಧಾನ ಹೇಳುವ ಕೆಲಸ.

ಕಾಂಡಿಮೆಂಟ್ಸಿನವರು ನಾಲ್ಕು ಮಡಿಕೆ ಮಾಡಿದ್ದ ನೋಟಿಸನ್ನು ಟೇಬಲ್ ಮೇಲೆ ಬಿಡಿಸಿಟ್ಟು ಒಂದೇ ಮಾತು ಕೇಳಿದರು: "ಮೇಡಂ, ಸ್ಕ್ಯಾನರ್ ಹಾಕಿಸ್ಕೊಂಡಿದ್ದೇ ತಪ್ಪಾಯ್ತಾ?"

ಆಗ ಏನಾಯಿತು ಎಂದು ಮರೆತವರಿಗೆ ಎರಡು ಮಾತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಮಾಹಿತಿ ತರಿಸಿಕೊಂಡಿತು. ಜಿಎಸ್‌ಟಿ ನೋಂದಣಿ ಇಲ್ಲದೆ ವರ್ಷಕ್ಕೆ 40 ಲಕ್ಷಕ್ಕಿಂತ ಜಾಸ್ತಿ ಯುಪಿಐ ಹಣ ಪಡೆದ ಸಾವಿರಾರು ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಒಂದೇ ವಾರದಲ್ಲಿ ಅಂಗಡಿಗಳಲ್ಲಿ "ನೋ ಯುಪಿಐ, ಓನ್ಲಿ ಕ್ಯಾಶ್" ಎಂಬ ಚೀಟಿಗಳು ಕಾಣಿಸಿಕೊಂಡವು. ಎಟಿಎಂ ಎಲ್ಲಿದೆ ಎಂದೇ ಮರೆತಿದ್ದ ಬೆಂಗಳೂರಿನ ಜನ ಮತ್ತೆ ಪರ್ಸು ತಡಕಾಡಿದರು. ವ್ಯಾಪಾರಿಗಳು ಕಪ್ಪು ಪಟ್ಟಿ ಕಟ್ಟಿಕೊಂಡರು, ಕೆಲವೆಡೆ ಹಾಲು ಮಾರುವುದನ್ನೇ ನಿಲ್ಲಿಸಿದರು, ಜುಲೈ 25ಕ್ಕೆ ಬಂದ್‌ಗೆ ಕರೆ ಕೊಟ್ಟರು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳನ್ನು ಕರೆಸಿ ಮಾತಾಡಿದರು. ನೋಂದಣಿ ಮಾಡಿಸಿಕೊಳ್ಳಿ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದರು. ಹಾಲು, ತರಕಾರಿ, ಹಣ್ಣು, ಮಾಂಸ ಮಾರುವವರ ನೋಟಿಸ್ ಮುಂದುವರಿಸುವುದಿಲ್ಲ ಎಂದೂ ಹೇಳಿದರು. ಗಲಾಟೆ ತಣ್ಣಗಾಯಿತು.

ಸಿಟ್ಟು ತಣ್ಣಗಾಗಲಿಲ್ಲ. ಅದು ಇವತ್ತಿಗೂ ನನ್ನ ಟೇಬಲ್ಲಿನ ಎದುರು ಕುರ್ಚಿಯಲ್ಲಿ ಕೂತಿರುತ್ತದೆ.

ಟಿವಿಯಲ್ಲಿ ಇದನ್ನು "ವ್ಯಾಪಾರಿಗಳು ತೆರಿಗೆ ಕಟ್ಟಲು ಒಪ್ಪುತ್ತಿಲ್ಲ" ಎಂದು ತೋರಿಸಿದರು. ನಾನು ನೋಡಿದ್ದು ಬೇರೆ. ಬಂದವರಲ್ಲಿ ಹೆಚ್ಚಿನವರು ಕೇಳಿದ್ದು "ಯಾಕೆ ಕಟ್ಟಬೇಕು" ಎಂದಲ್ಲ, "ಈ ಲೆಕ್ಕ ಎಲ್ಲಿಂದ ಬಂತು" ಎಂದು.

ಹಾವೇರಿ ಕಡೆಯ ಒಬ್ಬ ತರಕಾರಿ ವ್ಯಾಪಾರಿಯ ವಿಷಯ ಆಗ ಎಲ್ಲ ಪೇಪರಿನಲ್ಲೂ ಬಂದಿತ್ತು. ನಾಲ್ಕು ವರ್ಷದಲ್ಲಿ 1.63 ಕೋಟಿ ರೂಪಾಯಿ ಯುಪಿಐ, ಅದಕ್ಕೆ ಸುಮಾರು 29 ಲಕ್ಷದ ನೋಟಿಸ್. ಕ್ಯಾಲ್ಕುಲೇಟರ್ ತಗೊಂಡು 1.63 ಕೋಟಿಗೆ 18 ಪರ್ಸೆಂಟ್ ಹಾಕಿ ನೋಡಿ. 29.34 ಲಕ್ಷ ಬರುತ್ತದೆ. ಅಂದರೆ ಲೆಕ್ಕ ಹೇಗೆ ಹಾಕಿದರು ಎಂದು ಯಾರೂ ನಮಗೆ ಬಿಡಿಸಿ ಹೇಳಬೇಕಿಲ್ಲ. ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ. ತೆರಿಗೆಯೇ ಇಲ್ಲದ ಸಾಮಾನು ಮಾತ್ರ ಮಾರುವವರು ಎಷ್ಟು ಕೋಟಿ ಮಾರಿದರೂ ನೋಂದಣಿ ಮಾಡಿಸಬೇಕಿಲ್ಲ, ಕಾನೂನಿನ 23ನೇ ಸೆಕ್ಷನ್ನೇ ಹಾಗೆ ಹೇಳುತ್ತದೆ. ಇನ್ನು 1.63 ಕೋಟಿ ಎಂದರೆ ಬಾಯಿ ಬಿಡುವ ಮೊದಲು ದಿನಕ್ಕೆ ಎಷ್ಟು ಎಂದು ನೋಡಿ. ಹನ್ನೊಂದು ಸಾವಿರ ಚಿಲ್ಲರೆ. ಅದು ಲಾಭ ಅಲ್ಲ, ಗಲ್ಲಾಪೆಟ್ಟಿಗೆಗೆ ಬಂದ ದುಡ್ಡು. ಅದರಲ್ಲೇ ಮರುದಿನ ಬೆಳಗ್ಗೆ ಮಂಡಿಗೆ ಹೋಗಿ ಮಾಲು ಎತ್ತಬೇಕು.

ಇದು "ಬರೀ ನೋಟಿಸ್, ಕಟ್ಟಲೇಬೇಕು ಎಂಬ ಆದೇಶ ಅಲ್ಲ" ಎಂದು ಅಧಿಕಾರಿಗಳು ಹೇಳಿದರು. ಸರಿ, ಕಾನೂನಿನ ಪ್ರಕಾರ ಅದು ನಿಜ. ಆದರೆ ತಿಂಗಳಿಗೆ ಇಪ್ಪತ್ತೈದು ಸಾವಿರ ಉಳಿಸಲು ಒದ್ದಾಡುವವರ ಕೈಗೆ 29 ಲಕ್ಷ ಎಂದು ಬರೆದ ಕಾಗದ ಕೊಟ್ಟು, ಇದು ಬರೀ ಪ್ರಶ್ನೆ ಎಂದರೆ ಹೇಗೆ? ಪ್ರಶ್ನೆ ಕೇಳುವುದಿದ್ದರೆ "ಏನು ಮಾರುತ್ತೀರಿ" ಎಂದು ಮೊದಲು ಕೇಳಬಹುದಿತ್ತಲ್ವಾ?

ನಮ್ಮ ಕಾಂಡಿಮೆಂಟ್ಸಿನವರ ಲೆಕ್ಕಕ್ಕೆ ಬರೋಣ. ಗುರುತು ಸಿಗಬಾರದೆಂದು ಅಂಕಿಗಳನ್ನು ಸ್ವಲ್ಪ ಬದಲಿಸಿದ್ದೇನೆ, ಲೆಕ್ಕದ ದಾರಿ ಮಾತ್ರ ಅದೇ. 2022-23ರಲ್ಲಿ ಅವರ ಖಾತೆಗೆ ಬಂದದ್ದು 52.4 ಲಕ್ಷ. ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದರೆ ಒಂದು ರೀಮ್ ಪೇಪರ್ ಸಾಲಲಿಲ್ಲ. ಹತ್ತು ರೂಪಾಯಿ, ಹದಿನೆಂಟು ರೂಪಾಯಿ, ಇಪ್ಪತ್ಮೂರು ರೂಪಾಯಿ, ಹೀಗೇ ಪುಟಗಟ್ಟಲೆ. ಪೆನ್ಸಿಲ್ ಹಿಡಿದು ನಾನು, ಅವರು, ಅವರ ಹೆಂಡತಿ ಮೂರು ಸಂಜೆ ಕೂತೆವು. ದೊಡ್ಡ ಮೊತ್ತ ಬಂದಾಗಲೆಲ್ಲ ನಿಲ್ಲಿಸಿ ಕೇಳುತ್ತಿದ್ದೆ. "ಇದು ಏನಣ್ಣ, ಎಂಬತ್ತು ಸಾವಿರ?" ಅವರು ತಲೆ ಕೆರೆದುಕೊಳ್ಳುವಷ್ಟರಲ್ಲಿ ಹೆಂಡತಿ ಹೇಳುತ್ತಿದ್ದರು, "ಅದು ನನ್ನ ಓಲೆ ಅಡ ಇಟ್ಟಿದ್ದು ಅಕ್ಕ." ಇನ್ನೊಂದು ಚೀಟಿ ಎತ್ತಿದ ದುಡ್ಡು. ಮತ್ತೊಂದು ಭಾವಮೈದುನ ವಾಪಸ್ ಕೊಟ್ಟ ಕೈಸಾಲ. ಬೀದಿಯವರು ಕ್ಯಾಶ್ ಬೇಕಾದಾಗ ಇವರ ಸ್ಕ್ಯಾನರಿಗೆ ಹಾಕಿ ನೋಟು ಒಯ್ಯುತ್ತಿದ್ದರು, ಅದೂ ಒಂದಷ್ಟು. ಇದೆಲ್ಲ ಸೇರಿ 9.4 ಲಕ್ಷ. ಇದರಲ್ಲಿ ಒಂದು ರೂಪಾಯಿಯೂ ವ್ಯಾಪಾರ ಅಲ್ಲ.

ಉಳಿದದ್ದು 43 ಲಕ್ಷ. ಅದರಲ್ಲಿ 15.6 ಲಕ್ಷ ಪ್ಯಾಕೆಟ್ ಹಾಲು, ತೆರಿಗೆ ಇಲ್ಲ. (ಅದೇ ಹಾಲು ಹೆಪ್ಪಾಗಿ ಪ್ಯಾಕೆಟ್ ಮೊಸರಾದರೆ 2022ರ ಜುಲೈ 18ರಿಂದ 5 ಪರ್ಸೆಂಟ್. ಇದನ್ನು ಅಂಗಡಿಯವರಿಗೆ ವಿವರಿಸುವಾಗ ನನಗೇ ನಗು ಬರುತ್ತದೆ.) ಉಳಿದ 27.4 ಲಕ್ಷ ಸಿಗರೇಟು, ಬಿಸ್ಕತ್ತು, ಚಿಪ್ಸು, ತಂಪು ಪಾನೀಯ, ಬನ್ನು ಮುಂತಾದ್ದು.

ಇಲ್ಲಿ ನಾನು ಅವರಿಗೂ ಒಂದು ಕಹಿ ಮಾತು ಹೇಳಬೇಕಾಯಿತು. ಸಾಮಾನು ಮಾರುವವರು ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕು, ಸಿಗರೇಟೂ ಮಾರುವವರಿಗೆ ಆ ಗಡಿ 20 ಲಕ್ಷವೇ. ಗಡಿ ನೋಡುವಾಗ ತೆರಿಗೆ ಇಲ್ಲದ ಹಾಲನ್ನೂ ಸೇರಿಸಿಯೇ ಎಣಿಸಬೇಕು. ಕ್ಯಾಶಿನಲ್ಲಿ ಮಾರಿದ್ದನ್ನೂ ಸೇರಿಸಬೇಕು. ಹಾಗಾಗಿ ಅವರು ಗಡಿ ದಾಟಿದ್ದರು. ನೋಂದಣಿ ಮಾಡಿಸಬೇಕಿತ್ತು, ಮಾಡಿಸಿರಲಿಲ್ಲ. ಪಕ್ಕದಲ್ಲಿ ಟೀ ಕಾಸಿ ಕೊಡುವವರ ಪಾಡೂ ಅದೇ. ಅದು ಹೋಟೆಲ್ ಲೆಕ್ಕ, ಸೇವೆ. ಅದಕ್ಕೂ ಗಡಿ 20 ಲಕ್ಷ ಅಷ್ಟೇ. ಇದು ಎಷ್ಟು ಟೀ ಅಂಗಡಿಯವರಿಗೆ ಗೊತ್ತು?

ಆದರೆ ನೋಂದಣಿ ಮಾಡಿಸಿದ್ದರೆ ಎಷ್ಟು ಕಟ್ಟಬೇಕಿತ್ತು? ಕಾಂಪೊಸಿಷನ್ ಎಂಬ ಸ್ಕೀಮ್ ಇದೆ, ವರ್ಷಕ್ಕೆ ಒಂದೂವರೆ ಕೋಟಿಯವರೆಗೆ ವ್ಯಾಪಾರ ಇರುವವರಿಗೆ. ಸಾಮಾನು ತಂದು ಮಾರುವವರು ತೆರಿಗೆ ಬೀಳುವ ಮಾಲಿನ ಮೇಲೆ ಒಂದು ಪರ್ಸೆಂಟ್ ಕಟ್ಟಿದರೆ ಮುಗಿಯಿತು. ಗಿರಾಕಿಯಿಂದ ಬೇರೆ ತೆರಿಗೆ ವಸೂಲಿ ಮಾಡುವಂತಿಲ್ಲ. ಮೂರು ತಿಂಗಳಿಗೊಮ್ಮೆ ಹಣ ಕಟ್ಟೋದು, ವರ್ಷಕ್ಕೊಂದು ರಿಟರ್ನ್. ಯುಪಿಐ ವ್ಯಾಪಾರದ ಮಟ್ಟಿಗೆ ನಮ್ಮವರಿಗೆ ಆಗುತ್ತಿದ್ದದ್ದು 27,400 ರೂಪಾಯಿ. ಕ್ಯಾಶ್ ಮಾರಾಟಕ್ಕೆ ಇನ್ನೊಂದಿಷ್ಟು ಸೇರುತ್ತಿತ್ತು. ನೋಟಿಸಿನಲ್ಲಿ ಅದೇ ವರ್ಷಕ್ಕೆ, ಬಡ್ಡಿ ದಂಡ ಬಿಟ್ಟು, ಇದ್ದದ್ದು 9.43 ಲಕ್ಷ.

ಈ ಎರಡು ಅಂಕಿಗಳ ನಡುವಿನ ಕಂದಕದಲ್ಲೇ ಜನರ ಸಿಟ್ಟು ಇರುವುದು. ಕಾಂಪೊಸಿಷನ್ನನ್ನು ಹಿಂದಿನ ವರ್ಷಗಳಿಗೆ ಈಗ ಕೇಳಿದರೆ ಸಿಗೋದಿಲ್ಲ. ಮಾಮೂಲಿ ಲೆಕ್ಕದಲ್ಲಿ ಹೋದರೆ ಮಾಲು ಕೊಂಡಾಗ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಿಂದ ಕಳೆಯಬಹುದು. ಅದೂ ನೋಂದಣಿ ಇದ್ದವರಿಗೆ ಮಾತ್ರ. ಸಿಗರೇಟನ್ನೇ ತಗೊಳ್ಳಿ. ಡಿಸ್ಟ್ರಿಬ್ಯೂಟರ್ ಹತ್ತಿರ ಪ್ಯಾಕ್ ಕೊಂಡಾಗಲೇ ಆಗ 28 ಪರ್ಸೆಂಟ್ ಜಿಎಸ್‌ಟಿ, ಅದರ ಮೇಲೆ ಸೆಸ್ಸು ಕೊಟ್ಟಾಗಿದೆ. ಎಂಆರ್‌ಪಿಗೆ ಮಾರಿದರೆ ಉಳಿಯುವುದು ಪುಡಿಗಾಸು. ಈಗ ಆ ಮಾರಿದ ದುಡ್ಡಿನ ಮೇಲೆ ಇನ್ನೊಮ್ಮೆ 18 ಎಂದರೆ ಒಂದೇ ಸಿಗರೇಟಿಗೆ ಎರಡು ಸಲ ತೆರಿಗೆ. ಜಿಎಸ್‌ಟಿ ಎಂಬುದು ಅಂಗಡಿಯವರು ತಮ್ಮ ಜೇಬಿನಿಂದ ಕಟ್ಟುವ ತೆರಿಗೆ ಅಲ್ಲ, ಗಿರಾಕಿಯಿಂದ ಪಡೆದು ಸರ್ಕಾರಕ್ಕೆ ಮುಟ್ಟಿಸುವ ತೆರಿಗೆ. ಮೂರು ವರ್ಷದ ಹಿಂದೆ ಒಂದು ಸಿಗರೇಟು ಸೇದಿ ಹೋದವರನ್ನು ಈಗ ಎಲ್ಲಿ ಹುಡುಕೋದು?

2021-22ನ್ನು ಲೆಕ್ಕಕ್ಕೆ ಹಿಡಿದದ್ದಂತೂ ನನಗೆ ಬೇಸರ ತರಿಸಿತು. ಅದು ಕೊರೊನಾದ ಎರಡನೇ ಅಲೆಯ ವರ್ಷ. ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ದಿನದ ಹೆಚ್ಚಿನ ಹೊತ್ತು ಬಾಗಿಲು ಹಾಕಿದ್ದರು. ನೋಟು ಮುಟ್ಟಲು ಜನ ಹೆದರುತ್ತಿದ್ದರು, ಐದು ರೂಪಾಯಿಗೂ ಸ್ಕ್ಯಾನ್ ಮಾಡುತ್ತಿದ್ದರು. ವ್ಯಾಪಾರ ಇಳಿದಿತ್ತು, ಯುಪಿಐ ಏರಿತ್ತು. ಕಂಪ್ಯೂಟರಿಗೆ ಕಾಣಿಸಿದ್ದು ಏರಿದ್ದು ಮಾತ್ರ.

ಇನ್ನೊಂದು ತಮಾಷೆ ಕೇಳಿ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದ ಮೇಲೆ ಡಿಜಿಟಲ್ ಆಗಿ ಎಂದು ಹೇಳಿದ್ದು ಸರ್ಕಾರವೇ. ಆದಾಯ ತೆರಿಗೆ ಕಾನೂನಿನಲ್ಲಿ ಅದಕ್ಕೆ ಬಹುಮಾನವೂ ಇದೆ. ಸಣ್ಣ ವ್ಯಾಪಾರಿ ಪುಸ್ತಕ ಇಡದೆ ಅಂದಾಜು ಲಾಭ ತೋರಿಸುವಾಗ ಕ್ಯಾಶ್ ವ್ಯಾಪಾರಕ್ಕೆ 8 ಪರ್ಸೆಂಟ್ ತೋರಿಸಬೇಕು, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದದ್ದಕ್ಕೆ 6 ಪರ್ಸೆಂಟ್ ಸಾಕು. ನಾನೇ ಎಷ್ಟೋ ಜನರಿಗೆ "ಸ್ಕ್ಯಾನರ್ ಹಾಕ್ಸಿ, ತೆರಿಗೆ ಕಡಿಮೆ ಆಗುತ್ತೆ" ಎಂದು ಹೇಳಿದ್ದೆ. ಅವರಲ್ಲಿ ಇಬ್ಬರು ಜುಲೈನಲ್ಲಿ ಬಂದು ನನ್ನ ಮುಖ ನೋಡಿದ ರೀತಿ ಮರೆಯೋಕಾಗಲ್ಲ.

ವ್ಯಾಪಾರಿಗಳೆಲ್ಲ ಪಾಪದವರು ಎಂದು ನಾನು ಹೇಳೋದಿಲ್ಲ. ಹೆಂಡತಿ ಹೆಸರಲ್ಲಿ ಒಂದು, ಅಳಿಯನ ಹೆಸರಲ್ಲಿ ಒಂದು, ಕೆಲಸದ ಹುಡುಗನ ಹೆಸರಲ್ಲಿ ಒಂದು ಸ್ಕ್ಯಾನರ್ ಇಟ್ಟುಕೊಂಡು ಸಗಟು ವ್ಯಾಪಾರ ಮಾಡುವವರನ್ನೂ ನೋಡಿದ್ದೇನೆ. ಅವರ ಎದುರಿನ ಅಂಗಡಿಯವರು ಮೊದಲಿನಿಂದ ನೋಂದಣಿ ಮಾಡಿಸಿ ಪ್ರತಿ ತಿಂಗಳು ಕಟ್ಟುತ್ತಿದ್ದಾರೆ. ಬಾಕಿ ಮನ್ನಾ ಸುದ್ದಿ ಬಂದ ದಿನ ಅವರು ಫೋನ್ ಮಾಡಿ, "ಹಂಗಾದ್ರೆ ಇಷ್ಟು ವರ್ಷ ಕಟ್ಟಿದ ನಾನೇ ದಡ್ಡನಾ ಮೇಡಂ?" ಎಂದರು. ಆ ಸಿಟ್ಟಿನ ಪರವಾಗಿ ಯಾರೂ ಬಂದ್ ಕರೆಯಲಿಲ್ಲ.

ಹಾಗಾದರೆ ಒಂದು ಪರ್ಸೆಂಟ್ ಅಷ್ಟೇ ಇರುವಾಗ ಜನ ಯಾಕೆ ನೋಂದಣಿಗೆ ಹೆದರುತ್ತಾರೆ? ಕಾರಣ ಅಡುಗೆಮನೆಯಲ್ಲಿದೆ. ಗೃಹಲಕ್ಷ್ಮಿ ಯೋಜನೆಯ ನಿಯಮದಲ್ಲಿ ಮನೆಯೊಡತಿ ಅಥವಾ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ ಹಾಕುವವರಾಗಿದ್ದರೆ ತಿಂಗಳ 2,000 ರೂಪಾಯಿ ಇಲ್ಲ. ವರ್ಷಕ್ಕೆ 24,000 ಆಯಿತು. ಅಂದರೆ ಕಾಂಡಿಮೆಂಟ್ಸಿನವರ ಲೆಕ್ಕದಲ್ಲಿ ನೋಂದಣಿಯ ಬೆಲೆ 27 ಸಾವಿರ ಅಲ್ಲ, 51 ಸಾವಿರ. ಮೇಲೆ ನನ್ನ ಫೀಸು. ಒಂದು ಕೈಯಲ್ಲಿ "ಬನ್ನಿ, ನೋಂದಣಿ ಮಾಡಿಸಿ" ಎಂದು ಕರೆದು, ಇನ್ನೊಂದು ಕೈಯಲ್ಲಿ ಬಂದವರ ಮನೆಯ ಕಂತು ಕಿತ್ತುಕೊಂಡರೆ ಯಾರು ಬರುತ್ತಾರೆ? ಗ್ಯಾರಂಟಿಗಳಿಗೆ 2025-26ರ ಬಜೆಟ್ಟಿನಲ್ಲಿ ಸುಮಾರು 51 ಸಾವಿರ ಕೋಟಿ ಇಟ್ಟಿದ್ದಾರೆ. "ಅದಕ್ಕೇ ನಮ್ಮ ಜೇಬಿಗೆ ಕೈ ಹಾಕ್ತಿದ್ದಾರೆ" ಎಂದು ಅಂಗಡಿ ಕಟ್ಟೆಯಲ್ಲಿ ಮಾತಾಡುತ್ತಾರೆ. ಅದು ಪೂರ್ತಿ ಸರಿ ಎಂದು ನನಗೆ ಅನಿಸುವುದಿಲ್ಲ. ಆದರೆ ಅದೇ ಏಪ್ರಿಲ್‌ನಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ 18.44ರಿಂದ 21.17 ಪರ್ಸೆಂಟಿಗೆ ಏರಿದ್ದು, ಹಾಲು ಲೀಟರಿಗೆ ನಾಲ್ಕು ರೂಪಾಯಿ ಜಾಸ್ತಿಯಾದದ್ದು ಅವರ ನೆನಪಿನಲ್ಲಿ ಒಂದೇ ಸಾಲಿನಲ್ಲಿವೆ.

ಇದರ ಮಧ್ಯೆ, ನೋಟಿಸ್ ಕೊಟ್ಟಿದ್ದು ರಾಜ್ಯ, ನಮಗೆ ಸಂಬಂಧ ಇಲ್ಲ ಎಂದರು ಕೇಂದ್ರದವರು. ಜಿಎಸ್‌ಟಿ ತಂದದ್ದು ಕೇಂದ್ರ ಎಂದರು ರಾಜ್ಯದವರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಹಾಗೆ.

ನನ್ನ ಕೆಲಸದ ಮಟ್ಟಿಗೆ ಹೇಳುವುದಾದರೆ, ಬಾಯಿಮಾತು ಫೈಲಿಗೆ ಸೇರುವುದಿಲ್ಲ. ಮುಖ್ಯಮಂತ್ರಿ ಹೇಳಿದ ಮೇಲೂ ಬಂದ ಒಂದೊಂದು ನೋಟಿಸಿಗೂ ಲಿಖಿತ ಉತ್ತರ ಹಾಕಿಸಿದೆ. ಹಾಲು, ಹಣ್ಣಿನ ಖರೀದಿ ಚೀಟಿ, ಚೀಟಿ ಫಂಡಿನ ಪಾಸ್‌ಬುಕ್, ಗಿರವಿ ರಸೀದಿ, ಎಲ್ಲ ಲಗತ್ತಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ. ನೋಟಿಸ್ ಬಂದಿದ್ದರೆ ನೀವೂ ಅಷ್ಟು ಮಾಡಿ. ಸುಮ್ನೆ ಡ್ರಾಯರಿನಲ್ಲಿ ಇಡಬೇಡಿ. ಸ್ಕ್ಯಾನರ್ ತೆಗೆದರೆ ಪಾರಾದೆವು ಎಂದೂ ಅಂದುಕೊಳ್ಳಬೇಡಿ. ತೆರಿಗೆ ಇರುವುದು ಮಾರಿದ್ದರ ಮೇಲೆ, ಹೇಗೆ ದುಡ್ಡು ಪಡೆದಿರಿ ಎಂಬುದರ ಮೇಲಲ್ಲ.

ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಇಳಿದಾಗ ಇನ್ನೊಂದು ಸುತ್ತು. ಬಿಸ್ಕತ್ತು, ಸೋಪು, ಟೂತ್‌ಪೇಸ್ಟ್ 18ರಿಂದ 5ಕ್ಕೆ ಬಂದವು. ಗಿರಾಕಿಗಳು ಮರುದಿನವೇ "ಕಮ್ಮಿ ಆಗಿದೆಯಲ್ಲ" ಎಂದು ಕೈ ಚಾಚಿದರು. ಕಾಂಪೊಸಿಷನ್‌ನಲ್ಲಿ ಇರುವವರು ಹಳೆ ಸ್ಟಾಕಿಗೆ 18 ಕೊಟ್ಟೇ ತಂದಿದ್ದರು. ಅದು ವಾಪಸ್ ಬರುವುದಿಲ್ಲ. ಆ ವಾರದ ನಷ್ಟ ಯಾರ ಲೆಕ್ಕಕ್ಕೂ ಸೇರಲಿಲ್ಲ.

ನಮ್ಮ ಕಾಂಡಿಮೆಂಟ್ಸಿನವರು ಆಗಸ್ಟ್‌ನಲ್ಲಿ ನೋಂದಣಿ ಮಾಡಿಸಿದರು. ಗೃಹಲಕ್ಷ್ಮಿ ಮುಂದಿನ ಕಂತು ಬರುತ್ತಾ ಎಂದು ಅವರ ಹೆಂಡತಿ ಪ್ರತಿ ತಿಂಗಳು ನನ್ನನ್ನೇ ಕೇಳುತ್ತಾರೆ. ಅಂಗಡಿಗೆ ಬೇರೆ ಖಾತೆ, ಮನೆಗೆ ಬೇರೆ ಖಾತೆ ಮಾಡಿಸಿ ಎಂದಿದ್ದೆ, ಮಾಡಿಸಿದ್ದಾರೆ. ಮೊನ್ನೆ ಹಾಲು ತರಲು ಹೋದಾಗ ಕೌಂಟರಿನಲ್ಲಿ ಹೊಸ ಸ್ಕ್ಯಾನರ್ ಇತ್ತು, ಸ್ಪೀಕರ್ ಮತ್ತೆ ಕೂಗುತ್ತಿತ್ತು. ನಾನು ಫೋನ್ ತೆಗೆದೆ.

"ಹಾಲಿಗೆ ಕ್ಯಾಶ್ ಇದ್ರೆ ಕೊಡಿ ಮೇಡಂ," ಎಂದರು.

ಹಾಲಿಗೆ ತೆರಿಗೆಯೇ ಇಲ್ಲ ಅಣ್ಣ ಎಂದು ಇನ್ನೊಮ್ಮೆ ಹೇಳಬೇಕು ಎನಿಸಿತು. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಐವತ್ತರ ನೋಟು ಕೊಟ್ಟು ಬಂದೆ.