ಲಿವರ್‌ಗೆ ಮೂರು ಹೆಸರು, ಒಂದೇ ನಂಬರು

ಯಕೃತ್ತು, ಪಿತ್ತಜನಕಾಂಗ, ಲಿವರ್. ಮೂರೂ ಒಂದೇ ಅಂತ ನಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಅದಕ್ಕೇ ರೇಡಿಯಾಲಜಿಯವರ ಪದಕೋಶ ರ್‍ಯಾಡ್‌ಲೆಕ್ಸ್ ಈ ಅಂಗಕ್ಕೆ ಆರ್‌ಐಡಿ58 ಅಂತ ಒಂದು ಗುರುತು ಕೊಟ್ಟಿದೆ. ಯಾವ ಭಾಷೆಯಲ್ಲಿ ಕರೆದರೂ ಗುರುತು ಅದೇ.

ಸ್ಕ್ಯಾನಿಂಗ್ ರಿಪೋರ್ಟಿಗೆ ಒಂದು ಕ್ರಮ ಬೇಕು ಅನ್ನುವ ಮಾತು ಹಳೆಯದು. ಅಮೆರಿಕದ ಡಾ. ಪ್ರೆಸ್ಟನ್ ಹಿಕಿ ಎಕ್ಸ್‌ರೇ ರಿಪೋರ್ಟುಗಳ ಬಗ್ಗೆ 1922ರಲ್ಲೇ ಇದನ್ನು ಬರೆದಿದ್ದರು. ಆದರೂ ಒಬ್ಬೊಬ್ಬ ಡಾಕ್ಟರದ್ದು ಒಂದೊಂದು ಶೈಲಿಯಾಗಿಯೇ ಉಳಿಯಿತು.

ಪಟ್ಟು ಹಿಡಿದು ಬದಲಿಸಿದ್ದು ಮ್ಯಾಮೋಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ, ಓದುವವರು. ‘ಸ್ವಲ್ಪ ಅನುಮಾನವಿದೆ, ಗಮನಿಸಿ’ ಅಂತ ಬರೆದರೆ ಆ ಹೆಣ್ಣುಮಗಳು ಏನು ಮಾಡಬೇಕು? ಬಯಾಪ್ಸಿ ಮಾಡಿಸಬೇಕಾ, ಕಾಯಬೇಕಾ? 1993ರಲ್ಲಿ ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ ಬೈ-ರ್‍ಯಾಡ್ಸ್ ತಂದಿತು. ಗಂಟಿನ ಆಕಾರ, ಅಂಚು ಹೇಳಲು ಗೊತ್ತುಮಾಡಿದ ಪದಗಳು, ಕೊನೆಗೊಂದು ಅಂಕಿ. 3 ಅಂದರೆ ಕ್ಯಾನ್ಸರ್ ಇರುವ ಸಾಧ್ಯತೆ ಶೇ. 2ಕ್ಕಿಂತ ಜಾಸ್ತಿ ಇಲ್ಲ, ಸಾಮಾನ್ಯವಾಗಿ ಆರು ತಿಂಗಳಿಗೆ ಮತ್ತೆ ನೋಡುತ್ತಾರೆ. 4 ಅಂದರೆ ಬಯಾಪ್ಸಿಯ ಮಾತು. ಇಷ್ಟು ಸ್ಪಷ್ಟತೆ ರೋಗಿಯ ಹಕ್ಕು ಅಲ್ವಾ?

ಅಂಗಾಂಶ ಪರೀಕ್ಷಿಸಿ ರೋಗ ಗುರುತಿಸುವ ಪೆಥಾಲಜಿಯವರು ಇನ್ನೂ ಮೊದಲೇ, 1965ರಲ್ಲಿ, ಕೋಡ್ ಪಟ್ಟಿ ಮಾಡಿದ್ದರು. ಅದೇ ಬೆಳೆದು, ಬ್ರಿಟನ್ನಿನ ಪಟ್ಟಿಯ ಜೊತೆ ಸೇರಿ, 2002ರಲ್ಲಿ ಸ್ನೋಮೆಡ್ ಸಿಟಿ ಅನ್ನುವ ವೈದ್ಯಕೀಯ ಪದಕೋಶ ಆಯಿತು. ಭಾರತ 2014ರಲ್ಲಿ ಇದನ್ನು ನಡೆಸುವ ಸಂಸ್ಥೆಯ ಸದಸ್ಯನಾಯಿತು. ಹಾಗಾಗಿ ನಮ್ಮ ದೇಶದೊಳಗೆ ಬಳಸಲು ಲೈಸೆನ್ಸ್ ಶುಲ್ಕವಿಲ್ಲ.

ರಿಪೋರ್ಟಿನ ಸಿದ್ಧ ನಮೂನೆಯಲ್ಲಿ, ಅಂದರೆ ಟೆಂಪ್ಲೇಟಿನಲ್ಲಿ, ಕೋಡ್ ಹೇಗೆ ಕೂರುತ್ತದೆ? ಸ್ಕ್ಯಾನ್ ಚಿತ್ರಗಳ ಡೈಕಾಮ್ ಮಾನದಂಡಕ್ಕೆ 2000ದಲ್ಲಿ ಸ್ಟ್ರಕ್ಚರ್ಡ್ ರಿಪೋರ್ಟ್, ಅಂದರೆ ಕ್ರಮಬದ್ಧ ರಿಪೋರ್ಟಿನ ರೂಪ, ಸೇರಿತು. ಅದರಲ್ಲಿ ಪ್ರತಿ ಕೋಡಿನ ಜೊತೆ ಮೂರು ಸಂಗತಿ ಇರುತ್ತವೆ: ನಂಬರು, ಅದು ಯಾವ ಪದಕೋಶದ್ದು, ಮನುಷ್ಯರು ಓದುವ ಹೆಸರು. ಡಾಕ್ಟರು ಪಟ್ಟಿಯಿಂದ ‘ಲಿವರ್’ ಆರಿಸಿದರೆ ಸಾಕು, ಉಳಿದದ್ದು ಹಿಂದೆ ತಾನಾಗಿ ದಾಖಲಾಗುತ್ತದೆ.

ಇದರಿಂದ ಲಾಭ ಏನು? ಸುಮ್ನೆ ಹಳೇ ರಿಪೋರ್ಟುಗಳಲ್ಲಿ ‘ಗಡ್ಡೆ’ ಅಂತ ಹುಡುಕಿದರೆ ‘ಗಡ್ಡೆ ಇಲ್ಲ’ ಎಂದು ಬರೆದವೂ ಸಿಗುತ್ತವೆ. ಟೆಂಪ್ಲೇಟಿನಲ್ಲಿ ‘ಇದೆ’, ‘ಇಲ್ಲ’ ಬೇರೆ ಬೇರೆ ದಾಖಲಾದರೆ ಆ ಗೊಂದಲವಿಲ್ಲ. ಆದರೆ ಎಲ್ಲವನ್ನೂ ಪಟ್ಟಿಯಿಂದಲೇ ಆರಿಸಿ ಅನ್ನುವುದು ತಪ್ಪು. ಪಟ್ಟಿಯಲ್ಲಿಲ್ಲದ ವಿಚಿತ್ರ ನೆರಳು ಕಂಡಾಗ ಡಾಕ್ಟರು ತಮ್ಮ ಮಾತಲ್ಲಿ ಬರೆಯಲು ಖಾಲಿ ಜಾಗ ಇರಲೇಬೇಕು.

ನನ್ನ ಆಸೆ ಒಂದೇ. ಆರ್‌ಐಡಿ58ರ ಎದುರು ‘ಯಕೃತ್ತು’ ಅಂತ ಜೋಡಿಸಿದರೆ, ಅದೇ ರಿಪೋರ್ಟನ್ನು ಕನ್ನಡದಲ್ಲೂ ಅಚ್ಚು ಹಾಕಿ ರೋಗಿಯ ಕೈಗೆ ಕೊಡಬಹುದು.